ಹರಳಿಗೆ ಅಂಟಿದ ಕೋಶದ ಹಿಡಿತ

ಕೇಳುಗರಿಗೆ ನಮಸ್ಕಾರ.

ಕಛೇರಿಗೆ ಮೊದಲು ಮೃದಂಗದವರು ರವೆ ಕಲಸಿ ಎಡಮುಖಕ್ಕೆ ಮೆತ್ತುವುದನ್ನು ನೋಡಿದ್ದೀರಲ್ವಾ? ಮೇಲೆ ಭಾರ ಬಿತ್ತು, ಚರ್ಮದ ಅದುರು ನಿಧಾನವಾಯಿತು, ನಾದ ತಗ್ಗಿತು. ನಾನು ಇವತ್ತು ಹೇಳುವುದು ಔಷಧ, ವಿಷಗಳು ಜೀವಕೋಶಕ್ಕೆ ಏನು ಮಾಡುತ್ತವೆ ಎಂದು ತಿಳಿಸುವ ಒಂದು ಉಪಕರಣದ, ಅಂದರೆ ಸಂವೇದಕದ ಬಗ್ಗೆ. ಅದರ ಗುಟ್ಟೂ ಹೆಚ್ಚುಕಡಿಮೆ ಇದೇ. ಚರ್ಮದ ಜಾಗದಲ್ಲಿ ಕ್ವಾರ್ಟ್ಜ್ ಹರಳಿನ ತೆಳು ಬಿಲ್ಲೆ. ರವೆಯ ಜಾಗದಲ್ಲಿ ಜೀವಂತ ಕೋಶಗಳು.

ಕ್ವಾರ್ಟ್ಜನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಇದನ್ನು ಕಂಡುಕೊಂಡದ್ದು 1880ರಲ್ಲಿ. ವಿದ್ಯುತ್ ಕೊಟ್ಟರೆ ಹರಳು ಅದುರುತ್ತದೆ ಎಂಬುದೂ ಮರುವರ್ಷವೇ ಖಚಿತವಾಯಿತು. ನಿಮ್ಮ ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಪ್ರಯೋಗಾಲಯದ ಬಿಲ್ಲೆ ಸಾಮಾನ್ಯವಾಗಿ 50 ಲಕ್ಷ ಸಲ. ನಮ್ಮ ಕಿವಿಗೆ ಅದು ಕೇಳಿಸುವ ಮಾತೇ ಇಲ್ಲ.

ಬಿಲ್ಲೆಯ ಮೇಲೆ ಏನಾದರೂ ಕೂತರೆ ಆ ಎಣಿಕೆ ಇಳಿಯುತ್ತದೆ. ಎಷ್ಟು ಭಾರಕ್ಕೆ ಎಷ್ಟು ಇಳಿತ ಎಂದು ಲೆಕ್ಕ ಕಟ್ಟಿಕೊಟ್ಟವರು ಜರ್ಮನಿಯ ಗುಂಟರ್ ಸವರ್‌ಬ್ರೈ, 1959ರಲ್ಲಿ. ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 18 ನ್ಯಾನೋಗ್ರಾಂ ಕೂತರೆ, 50 ಲಕ್ಷದಲ್ಲಿ ಒಂದೇ ಒಂದು ಎಣಿಕೆ ಕಡಿಮೆ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ!

ಹಾಗಾದರೆ ಕೋಶವನ್ನು ಇಟ್ಟು ತೂಗಿಬಿಡಬಹುದಲ್ಲ? ಇಲ್ಲ. ಆ ಲೆಕ್ಕ ಗಟ್ಟಿಯಾದ ತೆಳು ಪದರಕ್ಕೆ ಸರಿ. ಕೋಶ ಮೆತ್ತಗಿನ ವಸ್ತು. ಇನ್ನೊಂದು ತೊಡಕೂ ಇದೆ. ಹರಳಿನ ಅದುರು ನೀರಿನಲ್ಲಿ ಮೇಲಕ್ಕೆ ಹೋಗುವುದೇ 250 ನ್ಯಾನೋಮೀಟರಿನಷ್ಟು. ಕೋಶ ಅದರ ಹತ್ತಾರು ಪಟ್ಟು ಎತ್ತರ. ಕೆಳಮನೆಯವರಿಗೆ ಮೇಲಿನವರ ಕಾಲಸಪ್ಪಳ ಮಾತ್ರ ಕೇಳಿಸುತ್ತದಲ್ಲ, ಹಾಗೆ. ಹರಳಿಗೆ ಗೊತ್ತಾಗುವುದು ಕೋಶದ ಅಂಗಾಲು ಮಾತ್ರ.

ನನಗೆ ಇದರಲ್ಲಿ ಮಜಾ ಅನ್ನಿಸುವುದೇ ಈ ಅಂಗಾಲು. ಕೋಶದೊಳಗೆ ನೂಲಿನಂಥ ಎಳೆಗಳ ಒಂದು ಹಂದರವಿದೆ. ಅಂಗಾಲಿನ ಹಿಡಿತ ಆ ಹಂದರಕ್ಕೆ ಕಟ್ಟಿಕೊಂಡಿರುತ್ತದೆ. ಔಷಧವೋ ವಿಷವೋ ಒಳಗೆ ಹೋಗಿ ಹಂದರ ಕೆಡಿಸಿದರೆ ಹಿಡಿತವೂ ಬದಲಾಗುತ್ತದೆ, ಹರಳು ಅದನ್ನು ಹೇಳಿಬಿಡುತ್ತದೆ. ಬಣ್ಣ ಹಾಕಬೇಕಿಲ್ಲ, ಕೋಶವನ್ನು ಕೊಲ್ಲಬೇಕಿಲ್ಲ. ರಕ್ತನಾಳದ ಒಳಗೋಡೆಯ ಕೋಶಗಳನ್ನು ಹೀಗೆ ಹರಳಿನ ಮೇಲೆ ಬೆಳೆಸಿ, ನೊಕೊಡಜೋಲ್ ಎಂಬ ರಾಸಾಯನಿಕದ ಪರಿಣಾಮವನ್ನು ಅಮೆರಿಕದ ಸಂಶೋಧಕರು ಹಿಡಿದಿದ್ದಾರೆ. ಈ ಹಂದರದ ಒಂದು ಬಗೆಯ ಎಳೆಯನ್ನು ಒಡೆಯುವುದೇ ಅದರ ಕೆಲಸ.

ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇನ್ನೊಂದು ಉಪಾಯ ಸೇರಿಸಿದರು. ವಿದ್ಯುತ್ ನಿಲ್ಲಿಸಿ, ಅದುರು ಎಷ್ಟು ಬೇಗ ಸಾಯುತ್ತದೆ ಎಂದು ನೋಡುವುದು. ಸ್ಟೀಲ್ ತಟ್ಟೆ ಬಡಿದು ಅಂಗೈ ಇಟ್ಟರೆ ಸದ್ದು ಥಟ್ಟನೆ ಅಡಗುತ್ತದಲ್ಲ? ಮೆತ್ತಗಿನ ವಸ್ತು ಅದುರನ್ನು ನುಂಗುತ್ತದೆ. ಕೋಶ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಇದರಿಂದ ಅಂದಾಜು ಸಿಗುತ್ತದೆ.

ವಿಷ ಪತ್ತೆಹಚ್ಚುವ ಮಾಮೂಲಿ ಪರೀಕ್ಷೆ ಗೊತ್ತಿರುವ ಒಂದು ವಸ್ತುವನ್ನು ಮಾತ್ರ ಹುಡುಕುತ್ತದೆ. ಕೋಶ ಹಾಗಲ್ಲ, ಹೆಸರು ಗೊತ್ತಿಲ್ಲದ ವಿಷಕ್ಕೂ ನರಳುತ್ತದೆ. ಆದರೆ ಯಾರು ಹೊಡೆದರು ಎಂದು ಕೇಳಿದರೆ ಅದಕ್ಕೆ ಉತ್ತರ ಬಾರದು!

ಈ ಸಂವೇದಕವನ್ನು ಸಾಕುವುದೂ ಸುಲಭವಲ್ಲ. 37 ಡಿಗ್ರಿ ಬಿಸಿ ಬೇಕು, ಊಟ ಬೇಕು, ಬ್ಯಾಕ್ಟೀರಿಯಾ ಸುಳಿಯಬಾರದು. ಬಿಸಿ ಸ್ವಲ್ಪ ಏರುಪೇರಾದರೂ, ಒಂದು ಗಾಳಿಗುಳ್ಳೆ ಬಂದರೂ ಎಣಿಕೆ ಕೆಡುತ್ತದೆ. ಹಾಗಾಗಿ ಇದರ ಬಳಕೆ ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ. ಅಲ್ಲೂ ಔಷಧ ಹಾಕುವ ಮೊದಲು ಗಂಟೆಗಟ್ಟಲೆ ಸುಮ್ನೆ ಕೂರಬೇಕು, ಕೋಶಗಳು ಹರಳಿನ ಮೇಲೆ ಕಾಲೂರುವ ತನಕ.

ನಮಸ್ಕಾರ.