ಜೇಬಿಗೆ ಭಾರವಾದ ಫೋನ್

ಕೇಳುಗರಿಗೆ ನಮಸ್ಕಾರ.

ಫೋನೂ ಅದೇ, ಕಂಪ್ಯೂಟರೂ ಅದೇ. ಅಂಗೈಯಲ್ಲಿ ಹಿಡಿಸುತ್ತದೆ, ಬೆಲೆ ಮಾತ್ರ ಕೈಗೆಟುಕುವುದಿಲ್ಲ. ಇಂಥ ಸಾಧನ ಗೆಲ್ಲುತ್ತದಾ? ಮೂವತ್ತು ವರ್ಷದಿಂದ ಜನ ಇದನ್ನು ಕೇಳುತ್ತಲೇ ಇದ್ದಾರೆ. ಮಾತು ಯಾವಾಗಲೂ ಬೆಲೆಯ ಸುತ್ತಲೇ ಸುತ್ತುತ್ತದೆ. ನನಗೆ ಅನ್ನಿಸುವುದು ಬೇರೆ. ದುಬಾರಿ ಅನ್ನುವ ಒಂದೇ ಕಾರಣಕ್ಕೆ ಇವು ಸೋತದ್ದು ಕಡಿಮೆ. ಫೋನ್ ಆಗಿ ಸರಿಯಿಲ್ಲದೆ ಸೋತದ್ದೇ ಜಾಸ್ತಿ.

ಐಬಿಎಂ ಕಂಪನಿಯ ಸೈಮನ್ ನೋಡಿ. 1994ರ ಆಗಸ್ಟ್‌ನಲ್ಲಿ ಅಮೆರಿಕದ ಬೆಲ್‌ಸೌತ್ ಅನ್ನುವ ಫೋನ್ ಕಂಪನಿ ಇದನ್ನು ಮಾರಾಟಕ್ಕೆ ತಂದಿತು. ಮುಟ್ಟಿದರೆ ಕೆಲಸ ಮಾಡುವ ಪರದೆ, ಕ್ಯಾಲೆಂಡರ್, ವಿಳಾಸಗಳ ಪಟ್ಟಿ, ಇಮೇಲ್, ಫ್ಯಾಕ್ಸ್ ಎಲ್ಲ ಅದರಲ್ಲಿತ್ತು. ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ 899 ಡಾಲರ್, ಇಲ್ಲದಿದ್ದರೆ 1,099. ಅಷ್ಟು ದುಡ್ಡು ಕೊಟ್ಟು ಸುಮಾರು 50,000 ಸೈಮನ್‌ಗಳನ್ನು ಜನ ಕೊಂಡರು. ಅಂದರೆ ಆಸೆ ಇತ್ತು, ಅಲ್ವಾ? ಆದರೆ ಅದರ ತೂಕ ಅರ್ಧ ಕಿಲೋ. ಒಂದು ಗಂಟೆ ಮಾತಾಡಿದರೆ ಬ್ಯಾಟರಿ ಮುಗಿಯಿತು. ಮನೆಯಿಂದ ಹೊರಗೆ ಹೋದಾಗ ಮಾತಾಡಲಿಕ್ಕೆಂದೇ ಕೊಂಡ ಫೋನು ಊಟದ ಹೊತ್ತಿಗೇ ಕಣ್ಣು ಮುಚ್ಚಿದರೆ, ಅದರೊಳಗೆ ಕ್ಯಾಲೆಂಡರ್ ಇದ್ದೇನು ಬಂತು?

ಹಾಗಾದರೆ ಆಸೆ ಎಲ್ಲಿಂದ ಬಂತು? ಅದು ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷ ನಾನು ಒಂದು ಜೇಬಲ್ಲಿ ಫೋನ್, ಇನ್ನೊಂದರಲ್ಲಿ ಅಂಗೈ ಕಂಪ್ಯೂಟರ್ ಇಟ್ಟುಕೊಂಡು ಓಡಾಡಿದ್ದೇನೆ. ಯಾರಿಗಾದರೂ ಫೋನ್ ಮಾಡಬೇಕಾದರೆ ಮೊದಲು ಅಂಗೈ ಕಂಪ್ಯೂಟರಿನಲ್ಲಿ ಹೆಸರು ಹುಡುಕಬೇಕು. ನಂಬರಿನ ಅರ್ಧ ಓದಿ ಫೋನಿನಲ್ಲಿ ಒತ್ತಬೇಕು. ಉಳಿದರ್ಧ ನೋಡೋಣ ಅಂದರೆ ಅಷ್ಟರಲ್ಲಿ ಪರದೆ ಕಪ್ಪಾಗಿರುತ್ತಿತ್ತು. ನಂಬರು ಇದ್ದದ್ದು ಒಂದು ಕೈಯಲ್ಲಿ, ಮಾತಾಡುವ ಫೋನು ಇನ್ನೊಂದು ಕೈಯಲ್ಲಿ. ಇವೆರಡೂ ಒಂದಾಗಲಿ ಅಂತ ದಿನಾ ಅನ್ನಿಸುತ್ತಿತ್ತು.

ಜೇಬಿನ ಮಹತ್ವ ಅರಿತವರು ಜೆಫ್ ಹಾಕಿನ್ಸ್. 1996ರಲ್ಲಿ 299 ಡಾಲರಿಗೆ ಬಂದ ಪಾಮ್ ಪೈಲಟ್ ಅನ್ನುವ ಅಂಗೈ ಕಂಪ್ಯೂಟರ್ ಅವರ ಕಲ್ಪನೆ. ಅದನ್ನು ತಯಾರಿಸುವ ಮೊದಲು ಅವರು ಅದೇ ಅಳತೆಯ ಮರದ ತುಂಡೊಂದನ್ನು ಜೇಬಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಆ ತುಂಡನ್ನು ಹೊರಗೆ ತೆಗೆದು, ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದರು. ದಿನಕ್ಕೆ ಎಷ್ಟು ಸಲ ತೆಗೆಯುತ್ತೇನೆ, ಯಾಕೆ ತೆಗೆಯುತ್ತೇನೆ ಅಂತ ಕೈಯಿಂದಲೇ ಕಲಿತರು. ಈ ಕಥೆ ನನಗೆ ಬಹಳ ಇಷ್ಟ. ಫೋನೂ ಸೇರಿದ ಟ್ರಿಯೋ 2002ರಲ್ಲಿ ಬಂದದ್ದು ಅವರು ಮುಂದೆ ಕಟ್ಟಿದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯಿಂದ.

ಇನ್ನು 2007ರ ಐಫೋನ್. 4 ಜಿಬಿಗೆ 499 ಡಾಲರ್, 8 ಜಿಬಿಗೆ 599, ಮೇಲೆ ಎರಡು ವರ್ಷದ ಕರಾರು ಬೇರೆ. ಅದರಲ್ಲಿ 3ಜಿ ಇರಲಿಲ್ಲ. ಒಂದು ಕಡೆಯ ಸಾಲನ್ನು ಇನ್ನೊಂದು ಕಡೆ ಅಂಟಿಸಲು ಬರುತ್ತಿರಲಿಲ್ಲ. ಹೊರಗಿನವರು ಬರೆದ ಆ್ಯಪ್‌ಗಳೂ ಇರಲಿಲ್ಲ. ಆದರೂ 74 ದಿನದಲ್ಲಿ ಹತ್ತು ಲಕ್ಷ ಮಾರಾಟವಾಯಿತು. ತೂಕ 135 ಗ್ರಾಂ. ಪರದೆ ಮುಟ್ಟಲು ಕಡ್ಡಿ ಬೇಡ, ಬೆರಳು ಸಾಕು. ಹೆಸರು ಮುಟ್ಟಿದರೆ ಕರೆ ಹೋಯಿತು. ಎರಡು ಜೇಬಿನ ನನ್ನ ಕಷ್ಟ ಅಷ್ಟಕ್ಕೇ ಮುಗಿಯಿತು.

ಬೆಲೆಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎರಡೇ ತಿಂಗಳಲ್ಲಿ ಆ 599 ಡಾಲರ್ 399ಕ್ಕೆ ಇಳಿಯಿತು. ಮರುವರ್ಷದ ಹೊಸ ಮಾದರಿ 199ಕ್ಕೇ ಬಂತು. ಎಲ್ಲರೂ ಅಗ್ಗವಾಯಿತು ಅಂದರು. ಲೆಕ್ಕ ಹಾಕಿ ನೋಡಿ. ತಿಂಗಳ ಡೇಟಾ ಬಿಲ್ 20 ಡಾಲರ್ ಇದ್ದದ್ದು 30 ಆಯಿತು. ಎರಡು ವರ್ಷಕ್ಕೆ 240 ಡಾಲರ್ ಜಾಸ್ತಿ. ಅಂಗಡಿಯಲ್ಲಿ ಉಳಿದ 200 ಡಾಲರ್ ಬಿಲ್ಲಿನಲ್ಲೇ ಕರಗಿತು. ಒಟ್ಟಿಗೆ ಕೊಡುವಾಗ ನೋಯುವ ದುಡ್ಡು, ತಿಂಗಳು ತಿಂಗಳು ಕೊಟ್ಟರೆ ಅಷ್ಟು ನೋಯುವುದಿಲ್ಲ. ಕೊಳ್ಳುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಅದೇ ಪ್ರಶ್ನೆ ಮಡಚುವ ಫೋನಿನ ರೂಪದಲ್ಲಿ ಬಂದಿದೆ. 2019ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಫೋಲ್ಡ್‌ಗೆ 1,980 ಡಾಲರ್. ಬಿಡಿಸಿದರೆ ಪುಟ್ಟ ಟ್ಯಾಬ್ಲೆಟ್. ವಿಮರ್ಶೆಗೆಂದು ಮೊದಲೇ ಪಡೆದವರಲ್ಲಿ ಕೆಲವರು ಪರದೆ ಮೇಲಿದ್ದ ತೆಳು ಪದರವನ್ನು ಕಂಡರು. ಹೊಸ ಫೋನಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಅಂದುಕೊಂಡು ಉಗುರಲ್ಲಿ ಕಿತ್ತರು. ಅದು ಪರದೆಯದೇ ಭಾಗವಾಗಿತ್ತು. ಪರದೆ ಕೆಟ್ಟಿತು. ಏಪ್ರಿಲ್‌ನಲ್ಲಿ ಬರಬೇಕಿದ್ದ ಫೋನ್ ಸೆಪ್ಟೆಂಬರಿಗೆ ಹೋಯಿತು. ಆಗ ಎಲ್ಲರೂ ಮಾತಾಡಿದ್ದು 1,980 ಡಾಲರಿನ ಬಗ್ಗೆ. ನಾನು ನೋಡಿದ್ದು ಆ ಉಗುರನ್ನು. ಫೋನನ್ನು ನಾವು ಹಾಸಿಗೆ ಮೇಲೆ ಎಸೆಯುತ್ತೇವೆ, ಒದ್ದೆ ಕೈಯಲ್ಲಿ ಎತ್ತುತ್ತೇವೆ, ಕೀಲಿಕೈ ಜೊತೆ ಜೇಬಿಗೆ ತುರುಕುತ್ತೇವೆ. ಮಡಚುವ ಫೋನು ಇದನ್ನೆಲ್ಲ ತಡೆದುಕೊಂಡ ದಿನ ನಾನೂ ಒಂದು ಕೊಳ್ಳುತ್ತೇನೆ.

ನಮಸ್ಕಾರ.