ಬಚ್ಚಲ ಹಿಂದಿನ ಬಾಳೆ

ನಮಸ್ಕಾರ. ಬೆಳಗ್ಗೆ ಆರೂವರೆ ಆಗಿದೆ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ರಾತ್ರಿಯೆಲ್ಲ ಮಳೆ ಹೊಡೆದು ಈಗ ಹೊಳವಾಗಿದೆ. ಅಂಗಳದಲ್ಲಿ ಜಾರುತ್ತದೆ, ಅದಕ್ಕೇ ಕ್ಯಾಮೆರಾ ಸ್ವಲ್ಪ ಅಲ್ಲಾಡುತ್ತಿದೆ.

ಇಲ್ಲಿ ಕಾಣುತ್ತಿರುವುದು ನಮ್ಮ ಬಚ್ಚಲುಮನೆಯ ಹಿಂದಿನ ಬಾಳೆ. ಪುಟ್ಟಬಾಳೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಹೋಗುವ ಕಡೆ ನಾಲ್ಕು ಬಾಳೆ ಇದ್ದೇ ಇರುತ್ತವೆ, ಅಲ್ವಾ? ಈ ಹಿಂಡನ್ನು ಅಪ್ಪಯ್ಯ ನೆಟ್ಟಿದ್ದು 2002ರಲ್ಲಿ. ನನಗೋಸ್ಕರ. ನಾನು ಓಡುತ್ತೇನೆ, ದಿನಾ ಒಂದು ಹಣ್ಣು ಬೇಕು ಅಂತ.

ಆ ವರ್ಷ ಅಕ್ಟೋಬರಿನಲ್ಲಿ ಬೂಸಾನ್‌ನಲ್ಲಿ ಏಷ್ಯನ್ ಗೇಮ್ಸ್ ನಡೆದಿತ್ತು. ನನಗೆ ಹದಿಮೂರು. ನಮ್ಮನೆಯಲ್ಲಿ ಟಿವಿ ಇರಲಿಲ್ಲ, ಪಕ್ಕದ ಮನೆಯಲ್ಲಿ ಕೂತು ನೋಡಿದ್ದೆ. ಹೆಂಗಸರ 800 ಮೀಟರ್ ಓಟ. ಕೆ.ಎಂ. ಬೀನಾಮೋಳ್ ಅವರಿಗೆ ಚಿನ್ನ, ಮಾಧುರಿ ಅವರಿಗೆ ಬೆಳ್ಳಿ. ಎರಡೂ ನಮ್ಮ ದೇಶಕ್ಕೇ. ಬೀನಾಮೋಳ್ ಕೇರಳದ ಇಡುಕ್ಕಿ ಕಡೆಯವರು, ನಮ್ಮ ಹಾಗೆ ಬೆಟ್ಟದ ಊರಿನವರು. ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದೆ, ನಾನೂ 800 ಮೀಟರ್ ಓಡುತ್ತೇನೆ, ಇಂಡಿಯಾಕ್ಕೆ. ಅವರು ನಗಲಿಲ್ಲ. ಮಾರನೇ ದಿನ ತೋಟದಿಂದ ಎರಡು ಬಾಳೆ ಕಂದು ಕಿತ್ತು ತಂದು ಇಲ್ಲಿ ನೆಟ್ಟರು.

ಆಮೇಲಿನ ನಾಲ್ಕು ವರ್ಷ ನನ್ನ ಬೆಳಗು ಒಂದೇ ಥರ. ಐದೂವರೆಗೆ ಏಳುವುದು. ಒಂದು ಬಾಳೆಹಣ್ಣು, ಅರ್ಧ ಲೋಟ ನೀರು. ಗದ್ದೆ ಬಯಲಿನ ರಸ್ತೆಯಲ್ಲಿ ಓಟ. ತಾಲ್ಲೂಕಿನಲ್ಲಿ ಮೊದಲ ಸ್ಥಾನ ಬಂತು. ಜಿಲ್ಲಾ ಮಟ್ಟಕ್ಕೆ ಶಿವಮೊಗ್ಗದ ನೆಹರು ಸ್ಟೇಡಿಯಮ್ಮಿಗೆ ಹೋದಾಗ ಅಪ್ಪಯ್ಯ ಒಂದು ಚಿಪ್ಪು ಹಣ್ಣನ್ನು ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದರು. ಬೇರೆ ಮಕ್ಕಳಿಗೂ ಕೊಟ್ಟರು. ಆ ದಿನ ನಾನು ನಾಲ್ಕನೆಯವಳು. ಎರಡು ನಿಮಿಷ ಮೂವತ್ತೆಂಟು ಸೆಕೆಂಡು. ಆ ಟೈಮಿಂಗ್ ಬರೆದ ನೋಟ್‌ಬುಕ್ ಇನ್ನೂ ಇದೆ.

ಪಿಯುಸಿಯಲ್ಲಿದ್ದಾಗ ಒದ್ದೆ ನೆಲದಲ್ಲಿ ತಿರುಗುವಾಗ ಮೊಣಕಾಲು ಹೊರಳಿತು. ಲಿಗಮೆಂಟ್ ಹರಿದಿತ್ತು. ಅಲ್ಲಿಗೆ ಓಟ ಮುಗಿಯಿತು. ಇದನ್ನು ಜಾಸ್ತಿ ಹೇಳುವುದಿಲ್ಲ, ಹೇಳುವಂಥದ್ದು ಏನೂ ಇಲ್ಲ.

ಆದರೆ ಇನ್ನೊಂದು ನಡೆಯಿತು, ಅದನ್ನು ಹೇಳಬೇಕು. ನಾನು ಬಾಳೆಹಣ್ಣು ತಿನ್ನುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ. ಹಬ್ಬದಲ್ಲಿ ರಸಾಯನ ಮಾಡಿದರೂ ಮುಟ್ಟುತ್ತಿರಲಿಲ್ಲ. ಕೇಳಿದವರಿಗೆ ಶೀತ ಆಗುತ್ತದೆ, ದಪ್ಪ ಆಗುತ್ತೇನೆ ಅಂತೆಲ್ಲ ಹೇಳುತ್ತಿದ್ದೆ. ನಿಜ ಏನೆಂದರೆ, ಆ ಸಿಪ್ಪೆ ಸುಲಿಯುವ ವಾಸನೆಗೇ ಐದೂವರೆ ಗಂಟೆಯ ಕತ್ತಲು ನೆನಪಾಗುತ್ತಿತ್ತು. ಗಂಟಲು ಕಟ್ಟುತ್ತಿತ್ತು. ಹದಿನೇಳು ವರ್ಷ ಹೀಗೇ ಹೋಯಿತು. ಇಲ್ಲಿ ಬಾಳೆ ಗೊನೆ ಹಾಕುತ್ತಲೇ ಇತ್ತು. ಒಂದು ಬಾಳೆ ಒಂದೇ ಸಲ ಗೊನೆ ಬಿಡುವುದು. ಕಡಿದ ಮೇಲೆ ಬುಡದ ಕಂದು ಬೆಳೆದು ಅದು ಗೊನೆ ಹಾಕುತ್ತದೆ. ಅಪ್ಪಯ್ಯ ಪ್ರತಿ ಸಲವೂ ಗೊನೆ ಕಡಿದು ನನಗೆ ಫೋನ್ ಮಾಡುತ್ತಿದ್ದರು. "ಬಚ್ಚಲ ಹಿಂದಿಂದು ಹಣ್ಣಾಗಿದೆ ಮಗಾ, ಬರ್ತೀಯಾ?" ನಾನು ರಜೆ ಇಲ್ಲ ಅನ್ನುತ್ತಿದ್ದೆ.

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಸಾಮಾನ್ಯವಾಗಿ ನಾನು ಓಟ ಬಂದರೆ ಟಿವಿ ಮುಂದಿನಿಂದ ಎದ್ದು ಹೋಗುತ್ತಿದ್ದೆ. ಆ ದಿನ ಯಾಕೋ ಏಳಲಿಲ್ಲ. ಹೆಂಗಸರ 800 ಮೀಟರ್‌ನಲ್ಲಿ ಹರ್ಮಿಲನ್ ಬೈನ್ಸ್ ಅವರಿಗೆ ಬೆಳ್ಳಿ ಬಂತು. ಯಾರು ಗೊತ್ತಾ ಈ ಹರ್ಮಿಲನ್? 2002ರಲ್ಲಿ ಬೆಳ್ಳಿ ಗೆದ್ದ ಅದೇ ಮಾಧುರಿ ಅವರ ಮಗಳು. ಅದೇ ಓಟ, ಅದೇ ಬೆಳ್ಳಿ, ಇಪ್ಪತ್ತೊಂದು ವರ್ಷ ಆದಮೇಲೆ.

ನಾನು ಜೋರಾಗಿ ಅತ್ತೆ. ಹೊಟ್ಟೆಕಿಚ್ಚಿನಿಂದ ಅಲ್ಲ. ಅಷ್ಟು ಕಾಲ ಕಳೆದಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನನ್ನ ಮನಸ್ಸಿನಲ್ಲಿ ನಾನಿನ್ನೂ ಸ್ಟಾರ್ಟಿಂಗ್ ಲೈನ್ ಹತ್ತಿರ ನಿಂತ ಹುಡುಗಿ. ಆಚೆ ಆ ಓಟ ಎಷ್ಟೋ ಸಲ ಶುರುವಾಗಿ ಮುಗಿದಿದೆ. ಅವತ್ತು ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ, "ಅಪ್ಪಯ್ಯ, ನಾನು ಇಂಡಿಯಾಕ್ಕೆ ಓಡಲ್ಲ." ಮೂವತ್ತನಾಲ್ಕು ವರ್ಷದವಳು ಹೇಳುವ ಮಾತಲ್ಲ ಅದು. ಆದರೆ ಆವರೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಮಗಾ. ದೀಪಾವಳಿಗೆ ಬಾ, ಗೊನೆ ಇದೆ" ಅಂದರು.

ದೀಪಾವಳಿಗೆ ಬರುವ ಮುಂಚೆ ಶಿವಮೊಗ್ಗದಲ್ಲಿ ಬಿಪಿ ನೋಡಿಸಿದ್ದೆ. 150, 96. ಎರಡು ವಾರ ಬಿಟ್ಟು ನೋಡಿದರೂ ಹೆಚ್ಚು ಕಡಿಮೆ ಅಷ್ಟೇ. ಉಪ್ಪು ಕಮ್ಮಿ ಮಾಡಿ, ಹಣ್ಣು ತರಕಾರಿ ಜಾಸ್ತಿ ಮಾಡಿ, ದಿನಾ ನಡೆಯಿರಿ ಅಂದರು ಡಾಕ್ಟರು. ಬಾಳೆಹಣ್ಣು ತಿನ್ನಬಹುದಾ ಅಂತ ಕೇಳಿದೆ. ತಿನ್ನಬಹುದಾ ಏನು, ತಿನ್ನಿ ಅಂದರು.

ಹಾಗಾಗಿ ಈಗ ಹಣ್ಣಿನ ವಿಷಯ ಹೇಳುತ್ತೇನೆ. ಇದನ್ನು ನಾನು ಕುತೂಹಲದಿಂದ ಓದಿ ತಿಳಿದುಕೊಂಡಿದ್ದೇನೆ.

ಪೇಟೆಯ ಪಚ್ಚಬಾಳೆ ಸಿಪ್ಪೆ ತೆಗೆದು 100 ಗ್ರಾಂ ಇದ್ದರೆ, ಅದರಲ್ಲಿ ಸುಮಾರು 360 ಮಿಲಿಗ್ರಾಂ ಪೊಟ್ಯಾಸಿಯಂ, 90 ಕ್ಯಾಲೊರಿ, ಎರಡೂವರೆ ಗ್ರಾಂ ನಾರು ಇರುತ್ತದೆ. ಬಿ6 ವಿಟಮಿನ್ ಕೂಡ ಚೆನ್ನಾಗಿದೆ. ನಮ್ಮ ಪುಟ್ಟಬಾಳೆ ಚಿಕ್ಕದು, ಎರಡು ತಿಂದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಬಿಪಿಗೆ ಮುಖ್ಯ ಆ ಪೊಟ್ಯಾಸಿಯಂ. ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕಲು ಕಿಡ್ನಿಗೆ ಅದು ಸಹಾಯ ಮಾಡುತ್ತದೆ, ರಕ್ತನಾಳದ ಬಿಗುವನ್ನೂ ಸಡಿಲಿಸುತ್ತದೆ. ದೊಡ್ಡವರಿಗೆ ದಿನಕ್ಕೆ 3,510 ಮಿಲಿಗ್ರಾಂ ಆದರೂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿ. ಒಂದು ಹಣ್ಣಿನಿಂದ ಹತ್ತರಲ್ಲಿ ಒಂದು ಪಾಲು ಬರುತ್ತದೆ ಅಷ್ಟೇ. ಉಳಿದದ್ದು ಸೊಪ್ಪು, ಕಾಳು, ಎಳನೀರು, ಮೊಸರಿನಿಂದ ಬರಬೇಕು. ಬಾಳೆಹಣ್ಣು ತಿಂದು ಜೊತೆಗೆ ಮಿಡಿ ಉಪ್ಪಿನಕಾಯಿ, ಹಪ್ಪಳ ಹಾಗೇ ಮುಂದುವರಿಸಿದರೆ ಪ್ರಯೋಜನ ಇಲ್ಲ. ಮಿಡಿ ಉಪ್ಪಿನಕಾಯಿ ಕಮ್ಮಿ ಮಾಡುವುದು ನನಗೆ ನಿಜಕ್ಕೂ ಕಷ್ಟವಾಯಿತು.

ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ರಕ್ತದಲ್ಲಿ ಉಳಿದುಬಿಡಬಹುದು, ಹೃದಯಕ್ಕೆ ಅಪಾಯ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅಂಥವರು ಡಾಕ್ಟರನ್ನು ಕೇಳಿಯೇ ತಿನ್ನಿ. ಸಕ್ಕರೆ ಕಾಯಿಲೆ ಇರುವವರು ತುಂಬಾ ಕಳಿತದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿರುವ ಹಣ್ಣನ್ನು ಅಳತೆಯಲ್ಲಿ ತಿನ್ನುವುದು ಒಳ್ಳೆಯದು. ಕಾಯಿಯಲ್ಲಿ ಪಿಷ್ಟ ಜಾಸ್ತಿ, ಅದರಲ್ಲಿ ಒಂದಿಷ್ಟು ಸುಲಭಕ್ಕೆ ಜೀರ್ಣವಾಗದೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ ಆಗುತ್ತದೆ. ಹಣ್ಣಾಗುತ್ತಾ ಆ ಪಿಷ್ಟವೇ ಸಕ್ಕರೆ ಆಗುತ್ತದೆ. ಅಮ್ಮ ಮಾಡುವ ಬಾಳೆಕಾಯಿ ಪಲ್ಯಕ್ಕೆ ನನ್ನ ಮನಸ್ಸಿನಲ್ಲಿ ಈಗ ಬೇರೆಯೇ ಮರ್ಯಾದೆ.

ಓಡುವ ಮಕ್ಕಳ ಅಪ್ಪ ಅಮ್ಮ ಯಾರಾದರೂ ನೋಡುತ್ತಿದ್ದರೆ ನಿಮಗೊಂದು ಮಾತು. 2012ರಲ್ಲಿ ಅಮೆರಿಕದ ಅಪಲಾಚಿಯನ್ ಸ್ಟೇಟ್ ಯೂನಿವರ್ಸಿಟಿಯವರು 14 ಜನ ಸೈಕಲ್ ಪಟುಗಳಿಗೆ 75 ಕಿಲೋಮೀಟರ್ ಸೈಕಲ್ ಹೊಡೆಸಿ ನೋಡಿದ್ದರು. ಒಂದು ಸಲ ಬಾಳೆಹಣ್ಣು, ಇನ್ನೊಂದು ಸಲ ಸ್ಪೋರ್ಟ್ಸ್ ಡ್ರಿಂಕ್. ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಹಣ ಕೊಟ್ಟಿದ್ದು ಬಾಳೆಹಣ್ಣು ಮಾರುವ ಕಂಪನಿ ಅನ್ನುವುದೂ ನಿಮಗೆ ತಿಳಿದಿರಲಿ. ಆದರೂ ಬಣ್ಣದ ಬಾಟಲಿಗೆ ದುಡ್ಡು ಹಾಕುವ ಮೊದಲು ಹಿತ್ತಲು ನೋಡಿ ಅನ್ನುತ್ತೇನೆ ನಾನು. ಮೀನಖಂಡ ಹಿಡಿದುಕೊಂಡಾಗ ಬಾಳೆಹಣ್ಣು ತಿಂದರೆ ತಕ್ಷಣ ಬಿಡುತ್ತದೆ ಅನ್ನುತ್ತಾರೆ, ಅದು ಹಾಗೆ ಆಗುವುದಿಲ್ಲ. ಆ ಹೊತ್ತಿಗೆ ಕಾಲು ಮೆತ್ತಗೆ ಎಳೆದು ನೀವಬೇಕು.

ಆ ದೀಪಾವಳಿಯಲ್ಲಿ ಬಂದಾಗ ಇದೇ ಬಚ್ಚಲ ಕಟ್ಟೆ ಮೇಲೆ ಕೂತು ಹಣ್ಣು ಸುಲಿದೆ. ಅಪ್ಪಯ್ಯ ದನಕ್ಕೆ ಹುಲ್ಲು ಹಾಕುವ ನೆಪದಲ್ಲಿ ಆಚೆ ಹೋದರು. ಸಿಹಿಯೊಳಗೆ ಸಣ್ಣ ಹುಳಿ, ಪುಟ್ಟಬಾಳೆಗೆ ಇರುವ ಹುಳಿ. ಅದನ್ನು ಮರೆತೇಬಿಟ್ಟಿದ್ದೆ. ಕತ್ತಲೂ ನೆನಪಾಯಿತು, ನೆಹರು ಸ್ಟೇಡಿಯಮ್ಮೂ ನೆನಪಾಯಿತು. ಆದರೆ ಬಾಯಿಯಲ್ಲಿದ್ದದ್ದು ಬಾಳೆಹಣ್ಣು. ಎರಡನೆಯದನ್ನೂ ತಿಂದೆ.

ಈಗ ನಾನು ದಿನಾ ನಲವತ್ತು ನಿಮಿಷ ನಡೆಯುತ್ತೇನೆ. ವಾಚ್ ಕಟ್ಟುವುದಿಲ್ಲ. ಹೋದ ತಿಂಗಳು ಬಿಪಿ 132, 84 ಇತ್ತು. ಹಣ್ಣು, ನಡಿಗೆ, ಉಪ್ಪು ಬಿಟ್ಟಿದ್ದು, ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ನೋಟ್‌ಬುಕ್ ಬಿಸಾಡಿಲ್ಲ, ಬಿಸಾಡಬೇಕು ಅನಿಸಿಯೂ ಇಲ್ಲ. ಅದು ಅಟ್ಟದ ಪೆಟ್ಟಿಗೆಯಲ್ಲಿದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಚೆನ್ನಾಗಿ ಓಡುತ್ತಿದ್ದಳು. ಅವಳ ಮೇಲೆ ನನಗೀಗ ಕೋಪ ಇಲ್ಲ.

ಅಪ್ಪಯ್ಯ ಕತ್ತಿ ಹಿಡಿದು ಬಂದರು ನೋಡಿ. ಈ ಗೊನೆ ಬಲಿತಿದೆ. ಕಾಯಿಯ ಏಣು ಹೋಗಿ ದುಂಡಗಾಗಿದೆ, ಅದೇ ಗುರುತು. ಕಡಿದು ಬಚ್ಚಲ ಒಲೆಯ ಮೇಲೆ, ಹೊಗೆ ತಾಗುವಲ್ಲಿ ಕಟ್ಟುತ್ತಾರೆ. ಮೊದಲು ಹಣ್ಣಾಗುವುದು ಮೇಲಿನ ಚಿಪ್ಪು.

"ಹಿಡ್ಕೋ ಮಗಾ, ಬೀಳ್ತದೆ."

ಒಂದು ನಿಮಿಷ, ಕ್ಯಾಮೆರಾ ಕೆಳಗಿಡುತ್ತೇನೆ.