ಎದುರು ಮನೆಯ ಎಲ್ಡರ್ ಮತ್ತು ಸಿಸ್ಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಅಭ್ಯಾಸ ನಮ್ಮಲ್ಲಿಲ್ಲ. ನಾನು ಮೈಸೂರು ಕಡೆಯವಳು. ಪುಣೆಗೆ ಬಂದು 30 ವರ್ಷವಾಯಿತು, ಸುತ್ತಮುತ್ತ ಎಲ್ಲರೂ ಚಹಾದವರು, ಆದರೂ ನಮ್ಮ ಮನೆ ಫಿಲ್ಟರ್ ಒಂದು ದಿನವೂ ರಜೆ ಹಾಕಿಲ್ಲ. ಹೀಗಿರುವಾಗ ಕೋಥ್ರುಡ್‌ನ ನಮ್ಮ ಕಟ್ಟಡದಲ್ಲಿ, ಎದುರು ಫ್ಲ್ಯಾಟಿಗೆ ಅಮೆರಿಕದ ಯೂಟಾದಿಂದ ಒಂದು ಜೋಡಿ ಬಾಡಿಗೆಗೆ ಬಂತು. ಅವರಿಗೆ 71, ಆಕೆಗೆ 68. ಮೊದಲ ದಿನವೇ ಎರಡು ಲೋಟ ಕಾಫಿ ಹಿಡಿದು ಹೋದೆ. ನೊರೆ ಇನ್ನೂ ಇಳಿದಿರಲಿಲ್ಲ. ಇಬ್ಬರೂ ಕೈ ಮುಗಿದರು, ನಕ್ಕರು, ಕಾಫಿ ಮಾತ್ರ ಮುಟ್ಟಲಿಲ್ಲ. ವಾಪಸ್ ಬಂದು ಎರಡೂ ಲೋಟ ನಾನೇ ಕುಡಿದೆ, ಸಿಟ್ಟಿನಲ್ಲಿ.

ಆಮೇಲೆ ವಿಷಯ ಗೊತ್ತಾಯಿತು. ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿಗಳು. ಅವರಲ್ಲಿ ಗಂಡಸು ಮಿಷನರಿಗೆ ಎಲ್ಡರ್, ಅಂದರೆ ಹಿರಿಯ, ಹೆಂಗಸಿಗೆ ಸಿಸ್ಟರ್ ಅನ್ನುತ್ತಾರೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಶುರು ಮಾಡಿದ ಪಂಥ ಅದು. ಈಗ ಮುಖ್ಯ ಕಚೇರಿ ಸಾಲ್ಟ್ ಲೇಕ್ ಸಿಟಿಯಲ್ಲಿದೆ. 1833ರಿಂದ ಅವರಿಗೊಂದು ಆಹಾರದ ಕಟ್ಟಳೆ ಇದೆ. ಹೆಂಡ, ತಂಬಾಕು, ಚಹಾ, ಕಾಫಿ ಕೂಡದು. ಹೆಂಡ, ತಂಬಾಕು ಸರಿ. ಕಾಫಿ ಏನು ಪಾಪ ಮಾಡಿತ್ತೋ! ಅಂದಿನಿಂದ ಅವರಿಗೆ ಮಜ್ಜಿಗೆ, ಪಾನಕ, ಇಲ್ಲದಿದ್ದರೆ ಜೀರಿಗೆ ಕಷಾಯ.

ನಮ್ಮ ಯಜಮಾನರಿಗೆ ಮಿಷನರಿ ಅಂದರೆ ಕಿಟೆಲ್ ಒಬ್ಬರೇ. 1894ರಲ್ಲಿ ಅಚ್ಚಾದ ಆ ಕನ್ನಡ ನಿಘಂಟಿನ ಮೇಲೆ ಅವರಿಗೆ ಅಷ್ಟು ಭಕ್ತಿ. "ಇವರೂ ಏನಾದರೂ ಬರೀತಾರಾ ಕೇಳು" ಎಂದರು. ಕೇಳಿದೆ. ಬರೆಯುವುದು ಬಾಡಿಗೆ ರಸೀದಿ, ಅಷ್ಟೇ ಎಂದರು ಆಕೆ.

ನಿಜ. ಈ ವಯಸ್ಸಿನವರನ್ನು ಮನೆಮನೆ ತಿರುಗಿಸುವುದಿಲ್ಲವಂತೆ. ಅದೇನಿದ್ದರೂ 18 ದಾಟಿದ ಹುಡುಗರ ಕೆಲಸ. ಆ ಹುಡುಗರಿಗೂ ಎಲ್ಡರ್ ಅಂತಲೇ ಹೆಸರು, ಮೀಸೆ ಸರಿಯಾಗಿ ಬಂದಿರದಿದ್ದರೂ! ಕಪ್ಪು ಬಿಲ್ಲೆಯ ಮೇಲೆ ಬಿಳಿ ಅಕ್ಷರ, ಅಂಗಿಯ ಜೇಬಿಗೆ ಸಿಕ್ಕಿಸಿರುತ್ತಾರೆ. ಎದುರು ಮನೆಯವರು ಆ ಹುಡುಗರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದರು. ಸಿಂಕ್ ಕಟ್ಟಿಕೊಂಡಿತಾ, ಕುಡಿಯುವ ನೀರಿನ ಫಿಲ್ಟರ್ ಬದಲಿಸಿದರಾ, ಫ್ರಿಜ್ಜಿನಲ್ಲಿ ಏನು ಕೊಳೆಯುತ್ತಿದೆ, ಇದೇ ತಪಾಸಣೆ. ನಮ್ಮ ಎದುರು ಮನೆಯ ಎಲ್ಡರ್ ಊರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಟೂಲ್ ಬಾಕ್ಸ್ ಹಿಡಿದೇ ಹೊರಡುತ್ತಿದ್ದರು. ಆಕೆ ಸ್ಟೂಲು ಹಿಡಿಯಲು ಜೊತೆಗೆ.

ಅವರಲ್ಲಿ ಯಾರೂ ಒಂಟಿಯಾಗಿ ಓಡಾಡುವಂತಿಲ್ಲ. ಸದಾ ಜೋಡಿ. ಜೊತೆಗಾರನಿಗೆ ಕಂಪ್ಯಾನಿಯನ್ ಅನ್ನುತ್ತಾರೆ. ಹುಡುಗರಿಗೆ ಆಗಾಗ ಕಂಪ್ಯಾನಿಯನ್ ಬದಲಾಗುತ್ತಾನೆ, ಟ್ರಾನ್ಸ್‌ಫರ್ ಆಗುತ್ತದೆ. "ನನ್ನದು 46 ವರ್ಷದ ಪೋಸ್ಟಿಂಗ್" ಎಂದು ಆಕೆ ಗಂಡನ ಕಡೆ ಕೈ ತೋರಿಸಿದಾಗ ನಮ್ಮ ಯಜಮಾನರು ಯಾಕೋ ಜಾಸ್ತಿಯೇ ನಕ್ಕರು.

ಇಲ್ಲಿನ ಖರ್ಚು ಅವರದೇ. ಬಾಡಿಗೆ, ತರಕಾರಿ, ಎಲ್ಲಾ ಕೂಡಿಟ್ಟ ದುಡ್ಡಿನಿಂದ. ಇದನ್ನು ಕೇಳಿ ನಾನು ಸುಮ್ನೆ ಕೂತುಬಿಟ್ಟೆ. ಯಾಕೆಂದರೆ ಹಿಂದಿನ ವರ್ಷವಷ್ಟೇ ನಾವಿಬ್ಬರೂ ನ್ಯೂಜೆರ್ಸಿಯಲ್ಲಿ ಮಗಳ ಬಾಣಂತನ ಮುಗಿಸಿ ಬಂದಿದ್ದೆವು. ಟಿಕೆಟ್ಟಿಗೆ ಮಗಳೇ ದುಡ್ಡು ಹಾಕಿದ್ದಳು, ಆದರೂ ನಾನು ದಿನಕ್ಕೆರಡು ಸಲ ಗೊಣಗಿದ್ದೆ. ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ. ಕಿಟಕಿಯ ಹತ್ತಿರ ಕೂತು ಅಂಚೆಯವಳ ಗಾಡಿ ಕಾಯುತ್ತಿದ್ದೆ, ನನಗೆ ಯಾವ ಕಾಗದವೂ ಬರುವುದಿಲ್ಲ ಅಂತ ಗೊತ್ತಿದ್ದೂ. ನಾವು ಒಂದು ಮೊಮ್ಮಗುವನ್ನು ಎತ್ತಿಕೊಳ್ಳಲು ಅಷ್ಟು ದೂರ ಹೋದೆವು. ಇವರು 11 ಮೊಮ್ಮಕ್ಕಳನ್ನು ಬಿಟ್ಟು 18 ತಿಂಗಳಿಗೆ ಇಲ್ಲಿಗೆ ಬಂದಿದ್ದರು. ಇದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ಸರಿಯಾಗಿ ತಿಳಿಯುವುದಿಲ್ಲ.

ಸೋಮವಾರ ಅವರ ಬಿಡುವಿನ ದಿನ. ಪಿ-ಡೇ ಅನ್ನುತ್ತಿದ್ದರು, ತಯಾರಿಯ ದಿನ ಅಂತ. ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವುವುದು, ಮೊಮ್ಮಕ್ಕಳಿಗೆ ಉದ್ದುದ್ದ ಈಮೇಲ್ ಬರೆಯುವುದು, ಆಮೇಲೆ ಪೇಟೆ. ಒಂದು ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬಲ್ಬು ತರಲು ಹೋಗಿ ಎಲ್ಡರ್ ಬರಿಗೈಯಲ್ಲಿ ಬಂದರು. ಪುಣೆಯಲ್ಲಿ ಒಂದರಿಂದ ನಾಲ್ಕು ಅಂಗಡಿಯವರು ನಿದ್ದೆ ಮಾಡುತ್ತಾರೆ ಎಂದು ಯಾರೂ ಅವರಿಗೆ ಹೇಳಿಯೇ ಇರಲಿಲ್ಲ!

ಆಕೆಗೆ ಹೆದರಿಕೆ ಇದ್ದದ್ದು ರಸ್ತೆ ದಾಟುವುದಕ್ಕೆ. ಕರ್ವೆ ರಸ್ತೆ ನಿಮಗೆ ಗೊತ್ತಲ್ಲ. ಮೇಲೆ 2022ರಿಂದ ಮೆಟ್ರೋ ಓಡುತ್ತದೆ, ಕೆಳಗೆ ಸ್ಕೂಟರುಗಳು ಇರುವೆ ಸಾಲಿನ ಹಾಗೆ. ನಾನು ಹೇಳಿಕೊಟ್ಟೆ. ಕೈ ಎತ್ತಬೇಕು. ಓಡಬಾರದು, ನಿಲ್ಲಲೂ ಬಾರದು. ಸ್ಕೂಟರಿನವನ ಕಣ್ಣು ನೋಡುತ್ತಾ ಒಂದೇ ಸಮ ನಡೆಯಬೇಕು. ಆಕೆ ನನ್ನ ಸೆರಗು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡೇ ಬಂದರು. ತುಟಿ ಅಲ್ಲಾಡುತ್ತಿತ್ತು. ಆಚೆ ದಡ ಸೇರಿದ ಮೇಲೆ ನೋಡಿದರೆ ಸೆರಗಿನ ಪಿನ್ನು ಕಿತ್ತು ಬಂದಿತ್ತು. ಮೂರನೇ ತಿಂಗಳಿಗೆ ಅವರೇ ಕೈ ಎತ್ತಿ ಬಸ್ಸು ನಿಲ್ಲಿಸಿ ದಾಟಿಬಿಟ್ಟರು.

ನಮ್ಮ ಸೊಸೈಟಿಯಲ್ಲಿ ಗುಸುಗುಸು ಇರಲಿಲ್ಲ ಅನ್ನುವುದಿಲ್ಲ. ಮತಾಂತರ ಮಾಡುತ್ತಾರಂತೆ, ಹುಷಾರು ಎಂದು ಒಬ್ಬರು ಲಿಫ್ಟಿನಲ್ಲಿ ಕಿವಿಯಲ್ಲಿ ಹೇಳಿದರು. ಒಳಗೊಂದು ಇಟ್ಟುಕೊಂಡು ಹೊರಗೆ ನಗುವುದು ನನ್ನಿಂದಾಗದು. ಒಂದು ಭಾನುವಾರ ಊಟಕ್ಕೆ ಕರೆದಾಗ ನೇರ ಹೇಳಿಬಿಟ್ಟೆ. ನನಗೆ ಮಂತ್ರಾಲಯದ ರಾಯರಿದ್ದಾರೆ, ಅಷ್ಟೇ ಸಾಕು ಎಂದೆ. ಎಲ್ಡರ್ ಒಂದು ಕ್ಷಣ ಯೋಚಿಸಿ, "ಸಾಕು" ಎಂದರು ಕನ್ನಡದಲ್ಲಿ. ಬಿಸಿಬೇಳೆಬಾತು ಬಡಿಸುವಾಗ ನನ್ನಿಂದ ತಪ್ಪಿಸಿಕೊಳ್ಳಲು ಕಲಿತ ಪದ ಅದು, ಅವರ ಜೇಬಿನ ಪುಸ್ತಕದಲ್ಲಿ ಮೊದಲನೆಯದು. ಮತ್ತೆ ಆ ಮಾತು ಬರಲಿಲ್ಲ. ಆಮೇಲೆ ಎರಡನೇ ಸಲ ಬಾತು ಹಾಕಿಸಿಕೊಂಡರು.

ತಿಂಗಳ ಮೊದಲ ಭಾನುವಾರ ಮಾತ್ರ ಕರೆದರೂ ಬರುತ್ತಿರಲಿಲ್ಲ. ಅವತ್ತು ಅವರಿಗೆ ಉಪವಾಸ. ಎರಡು ಹೊತ್ತಿನ ಊಟ ಬಿಡುತ್ತಾರೆ, ನೀರೂ ಇಲ್ಲ. ಆ ಊಟಕ್ಕೆ ತಗಲುವಷ್ಟು ದುಡ್ಡು ಬಡವರಿಗೆ ಹೋಗುತ್ತದೆ. ನಮ್ಮ ಮರಾಠಿ ಅಕ್ಕಪಕ್ಕದವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರಲ್ಲ, "ಏಕಾದಶಿ, ದುಪ್ಪಟ್ ಖಾಶಿ" ಅಂತ. ಏಕಾದಶಿ ದಿನ ಎರಡು ಪಟ್ಟು ತಿನ್ನುವುದು. ಅಂದು ಸಾಬೂದಾನೆ ಖಿಚಡಿ ಎರಡು ತಟ್ಟೆ ಮುಗಿಸುವ ನಾನು ಏನು ಹೇಳಲಿ?

ಬೆಳಿಗ್ಗೆ ಎಂಟಕ್ಕೆ ಎರಡೂ ಮನೆಯ ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಚಳಿಗಾಲದಲ್ಲಿ ಯೂಟಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ, ಮಕ್ಕಳು ಮಲಗುವ ಮುಂಚಿನ ಹೊತ್ತು. ಬಾಗಿಲು ತೆರೆದಿದ್ದರೆ ಕೇಳುತ್ತಿತ್ತು. ಈ ಕಡೆ ನಾನು "ಅಜ್ಜಿ ನೋಡು, ಅಜ್ಜಿ ನೋಡು" ಎಂದು ಕೂಗುತ್ತಿದ್ದೆ. ಆ ಕಡೆ ಆಕೆ ಕಥೆ ಪುಸ್ತಕ ಹಿಡಿದು ಕರಡಿಯ ದನಿ ತೆಗೆಯುತ್ತಿದ್ದರು. ಫೋನು ಇಟ್ಟ ಮೇಲೆ ಎರಡೂ ಮನೆ ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದೆವು. ನೆಪ ಬೇಕಲ್ಲ, ಕೊತ್ತಂಬರಿ ಇದೆಯಾ ಅಂತ.

ಹೊರಡುವ ಹಿಂದಿನ ದಿನ ನಾನು ಒಂದು ಹಿತ್ತಾಳೆ ದಬರಾ ಲೋಟ ಕೊಟ್ಟೆ. ಕಾಫಿಗಲ್ಲ, ಹಾಲು ಕುಡಿಯಿರಿ ಎಂದೆ. ಎಲ್ಡರ್ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ನೇತುಹಾಕಿ ನೋಡಿದರು. ಇಪ್ಪತ್ತಮೂರು ಕಿಲೋ ದಾಟಬಾರದು, ಅರ್ಧ ಕಿಲೋ ಜಾಸ್ತಿ ಇತ್ತು. ನಾನು ಲೋಟಕ್ಕೆ ಕೈ ಹಾಕಿದೆ. ಅವರು ನನ್ನ ಕೈ ಸರಿಸಿ ತಮ್ಮ ಕಪ್ಪು ಶೂ ತೆಗೆದು ನೆಲಕ್ಕಿಟ್ಟರು.

ಆ ಶೂ ಈಗ ನಮ್ಮ ಮನೆಯಲ್ಲಿವೆ. ಅವರ ಅಳತೆ ಹನ್ನೆರಡು, ನಮ್ಮ ಯಜಮಾನರದು ಎಂಟು. ಬೆಳಿಗ್ಗೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕುವಾಗ ಅದನ್ನೇ ಮೆಟ್ಟಿಕೊಂಡು ಟಪ್ ಟಪ್ ಎಂದು ಓಡಾಡುತ್ತಾರೆ. ಕೆಳಗಿನ ಮನೆಯವರು ಎರಡು ಸಲ ದೂರು ಕೊಟ್ಟಿದ್ದಾರೆ.

ನಮಸ್ಕಾರ.